ಬಚ್ಚಲ ಗೋಡೆ ಕಚ್ಚುತ್ತದೆ

ಪಾತ್ರೆ ಅಂಗಡಿಯ ಯಜಮಾನರ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಕರೆಂಟು ನೋಡುವ ಟೆಸ್ಟರ್ ಇರುತ್ತಿತ್ತು. ಬಿಲ್ಲು ಬರೆಯಲು ಗಿರಾಕಿಯ ಪೆನ್ನನ್ನೇ ಕೇಳಿ ಪಡೆಯುವರು, ಮಾತಿನ ಭರದಲ್ಲಿ ಹಿಂದಿರುಗಿಸಲು ಮರೆಯುವರು. ಟೆಸ್ಟರನ್ನು ಮಾತ್ರ ಸ್ವಂತ ತಮ್ಮ ಕೇಳಿದರೂ ಕೊಟ್ಟವರಲ್ಲ. ಬೀದಿಯವರು ಅವರಿಗೆ ಟೆಸ್ಟರ್ ಯಜಮಾನ್ರು ಎಂದು ಹೆಸರಿಟ್ಟಿದ್ದರು. ಹಿಂದಿನಿಂದ ಆಡುವ ಹೆಸರು ಎದುರಿಗೇ ಕೇಳಿಬಂದರೂ ಅವರಿಗೆ ಬೇಸರವಿರಲಿಲ್ಲ. ಒಳಗೊಳಗೇ ಖುಷಿಯೇ.

ವ್ಯಾಪಾರದಲ್ಲಿ ಗಟ್ಟಿ ಕುಳ. ಯಾವ ಪಾತ್ರೆಯನ್ನಾದರೂ ಗೆಣ್ಣಿನಿಂದ ಒಮ್ಮೆ ಕುಟ್ಟಿ, ಸದ್ದು ಕೇಳಿಸಿಕೊಂಡೇ ಗಿರಾಕಿಯ ಕೈಗೆ ಕೊಡುವರು. ಸೋರುವ ಪಾತ್ರೆಗೆ ಸೋಪು ಮೆತ್ತಿಕೊಂಡು ಬಂದು "ಬದಲಿಸಿ ಕೊಡಿ" ಎನ್ನುವವರನ್ನು ಕಂಡರೆ ಅವರ ನಾಲಿಗೆಗೆ ಹಬ್ಬ. "ಅಮ್ಮಾವ್ರೇ, ಇದು ಪಾತ್ರೆಯೋ, ಸ್ನಾನಕ್ಕೆ ಹೊರಟ ಮಗುವೋ? ತೂತು ಬಿದ್ದ ದಿನವೇ ಬೆಸುಗೆಯವನ ಹತ್ರ ಹೋಗಿದ್ರೆ ಆಗ್ತಿರ್ಲಿಲ್ವಾ?" ಎಂದು ಅಂಗಡಿ ತುಂಬ ಕೇಳುವಂತೆ ಅನ್ನುವರು. ಗಿರಾಕಿಯ ಮುಖ ಹುಳ್ಳಗಾದ ಮೇಲೆ ಹೊಸ ಪಾತ್ರೆ ತೋರಿಸುವರು. ಹುಳ್ಳಗಾದ ಮುಖದವರು ಚೌಕಾಸಿ ಕಡಿಮೆ ಮಾಡುತ್ತಾರೆ.

ಮನೆಯ ಕರೆಂಟಿನ ವಿಷಯದಲ್ಲಿ ಮಾತ್ರ ಅವರು ಬೆಸುಗೆಯವನ ಹತ್ತಿರ ಹೋದವರಲ್ಲ. ಫ್ಯೂಸು ಹೋದರೆ ತಾವೇ ತಂತಿ ಕಟ್ಟುವರು. ಮತ್ತೆ ಮತ್ತೆ ಹೋಗತೊಡಗಿದಾಗ ಅದೇ ತಂತಿಯ ಎಳೆಗಳನ್ನು ಜಡೆ ಹೆಣೆದಂತೆ ಹೆಣೆದು ದಪ್ಪ ಮಾಡಿದರು. ಅಂದಿನಿಂದ ಅದು ಹೋಗಲಿಲ್ಲ. "ನೋಡಿದೆಯಾ?" ಎಂದು ಹೆಂಡತಿಯೆದುರು ಬೆನ್ನು ತಟ್ಟಿಕೊಂಡರು. ಗೀಸರಿನ ತಂತಿ ತುಂಡಾದಾಗ ಗೋಡೆಯೊಳಗಿನ ವೈರಿಂಗ್ ಪೈಪಿನ ಬಾಯಿಂದ ಎಳೆದು, ಜೋಡಿಸಿ, ಕಪ್ಪು ಟೇಪು ಸುತ್ತಿ ಒಳಗೆ ತಳ್ಳಿದರು. ಜೊತೆಗೆ ಬಂದ ಹಸಿರು ತಂತಿ ಗಿಡ್ಡವಾಗಿ, ಎಟುಕದೆ ಉಳಿಯಿತು. ಅದಿಲ್ಲದೆಯೂ ನೀರು ಕಾಯುತ್ತಿತ್ತಾದ್ದರಿಂದ ಅದನ್ನು ಕತ್ತರಿಸಿ ಎಸೆದರು.

ಆಮೇಲೆ ಬಚ್ಚಲಿನ ನಲ್ಲಿ ಮುಟ್ಟಿದರೆ ಸಣ್ಣಗೆ ಜುಂ ಎನ್ನತೊಡಗಿತು. ಅದಕ್ಕೂ ಯಜಮಾನರ ಬಳಿ ಮದ್ದಿತ್ತು. ಬಚ್ಚಲ ಬಾಗಿಲಲ್ಲಿ ದಪ್ಪ ಅಟ್ಟೆಯ ರಬ್ಬರ್ ಚಪ್ಪಲಿಗಳನ್ನು ಸಾಲಾಗಿ ಇಟ್ಟು, ಇನ್ನು ಮೇಲೆ ಬರಿಗಾಲಲ್ಲಿ ಯಾರೂ ಒಳಗೆ ಕಾಲಿಡಕೂಡದು ಎಂದು ಕಾನೂನು ಮಾಡಿದರು. ಹೀಗೆ ಆ ಮನೆಯಲ್ಲಿ ಕಾನೂನುಗಳು ಬೆಳೆದವು. ನಡುಮನೆಯ ಸ್ವಿಚ್ಚನ್ನು ಮರದ ಸೌಟಿನಿಂದ ಒತ್ತಬೇಕು. ಮಿಕ್ಸಿ ಓಡುವಾಗ ಇಸ್ತ್ರಿ ಹಾಕಬಾರದು. ನೆಂಟರು ಬಂದರೆ ಕಾಫಿಗಿಂತ ಮೊದಲು ಈ ಉಪದೇಶ ಆಗುತ್ತಿತ್ತು. ನೆಂಟರು ಕಾಫಿ ಕುಡಿದು, ಕೈ ತೊಳೆಯುವ ಉಸಾಬರಿಯೇ ಬೇಡವೆಂದು ಕರವಸ್ತ್ರಕ್ಕೆ ಒರೆಸಿಕೊಂಡು ಎದ್ದು ಹೋಗುತ್ತಿದ್ದರು.

ಎಲ್ಲ ಕಾನೂನೂ ನೆನಪಿದ್ದವರಿಗೆ ಮನೆ ಸುಖವಾಗಿಯೇ ಇತ್ತು. ತೊಂದರೆ ಬಂದದ್ದು ಯಜಮಾನರ ತಾಯಿಗೆ ಮರೆವು ಹತ್ತಿದಾಗ.

ಮೊದಮೊದಲು ಕನ್ನಡಕ, ಕೀಲಿಕೈ. ಆಮೇಲೆ ಬೆಳಗ್ಗೆ ತಿಂಡಿ ತಿಂದದ್ದೇ ಮರೆತು, "ಈ ಮನೇಲಿ ನನಗೆ ಊಟ ಹಾಕೋರಿಲ್ವೇ?" ಎಂದು ನೆರೆಯವರ ಮುಂದೆ ಹೇಳಿ ಸೊಸೆಯ ಕಣ್ಣಲ್ಲಿ ನೀರು ತರಿಸಿದರು. ಮುಂದೆ ಒಂದು ದಿನ ಬಚ್ಚಲಿನಿಂದ ಚೀರಿಕೊಂಡು ಹೊರಬಂದರು.

"ಗೋಡೆ ಕಚ್ಚುತ್ತೆ ಕಣೋ ಮಗಾ!"

ಯಜಮಾನರು ಟೆಸ್ಟರ್ ತೆಗೆದುಕೊಂಡು, ತಮ್ಮದೇ ಕಾನೂನಿನಂತೆ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದರು. ಕಿಟಕಿಯಿಂದ ಬಿಸಿಲು ಗೋಡೆಯ ಮೇಲೆ ಚೆನ್ನಾಗಿ ಬಿದ್ದಿತ್ತು. ಮೇಲೊಮ್ಮೆ, ಕೆಳಗೊಮ್ಮೆ ಟೆಸ್ಟರ್ ಇಟ್ಟು ನೋಡಿದರು. ದೀಪ ಕಾಣಲಿಲ್ಲ. ಕೈಯ ಹಿಂಬದಿಯನ್ನೂ ತಾಗಿಸಿದರು. ಏನೂ ಇಲ್ಲ.

"ಗೋಡೆ ಎಲ್ಲಾದರೂ ಕಚ್ಚುತ್ತೇನಮ್ಮ? ಅದಕ್ಕೇನು ಹಲ್ಲಿದೆಯಾ?"

"ನನಗೂ ಹಲ್ಲಿಲ್ಲ. ಆದ್ರೂ ನಿನ್ನ ಬೈತಿಲ್ವೇನೋ?" ಎಂದರು ತಾಯಿ.

ಎಲ್ಲರೂ ನಕ್ಕರು. ಆದರೆ ಗೋಡೆಯ ದೂರು ನಿಲ್ಲಲಿಲ್ಲ. ಒಮ್ಮೆ ಗೋಡೆ ಕಚ್ಚಿತು ಎನ್ನುವರು, ಒಮ್ಮೆ ಇರುವೆ ಎನ್ನುವರು, ಒಮ್ಮೆ ತೀರಿಹೋದ ಗಂಡನೇ ಗೋಡೆಯ ಆ ಕಡೆಯಿಂದ ಚಿವುಟುತ್ತಾನೆ ಎನ್ನುವರು. ಸ್ನಾನಕ್ಕೆ ಕರೆದರೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಬೀದಿಗೆ ಕೇಳುವಂತೆ ಅಳುವರು. ಸೊಸೆ ಚಪ್ಪಲಿ ಹಾಕಿಸಿದರೆ ನಡುದಾರಿಯಲ್ಲೇ ಬಿಟ್ಟು ನಡೆಯುವರು. ಡಾಕ್ಟರು, ಈ ಕಾಯಿಲೆಯಲ್ಲಿ ಇಲ್ಲದ್ದೆಲ್ಲ ಇದ್ದಂತೆ ಅನಿಸುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿ ತಾಯಿ ಹಗಲೆಲ್ಲ ತೂಕಡಿಸಿದರು. ಎಚ್ಚರವಾದಾಗ ಗೋಡೆ ಮಾತ್ರ ಕಚ್ಚುತ್ತಲೇ ಇತ್ತು.

ತಮ್ಮ ಫೋನಿನಲ್ಲಿ ಹೇಳಿದ: "ಅಣ್ಣಾ, ಅತ್ತಿಗೆ ಎಷ್ಟು ಅಂತ ಮಾಡ್ತಾರೆ? ಇಂಥವರನ್ನ ನೋಡ್ಕೊಳ್ಳೋ ಜಾಗ ಇದೆಯಲ್ಲ, ಅಲ್ಲಿ ಬಿಡೋಣ." ಯಜಮಾನರು ಮೊದಲು ಒಪ್ಪಲಿಲ್ಲ. ಅಪ್ಪ ಸತ್ತ ಮೇಲೆ ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ ಅಂಗಡಿಗೆ ಬುನಾದಿ ಹಾಕಿದ ತಾಯಿ. ಕುಟ್ಟಿ ಸದ್ದು ಕೇಳುವುದನ್ನು ಕಲಿಸಿದವರೂ ಅವರೇ. ಆದರೂ ದಿನಾ ಬೆಳಗಿನ ಆ ಅಳು ಕೇಳಿ ಕೇಳಿ, ಕೊನೆಗೆ ಹೂಂ ಎಂದರು. ನಾಳೆ ಬೆಳಗ್ಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಹೆಂಡತಿ ಅತ್ತೆಯ ಸೀರೆಗಳನ್ನು ಚೀಲಕ್ಕೆ ತುಂಬಿದಳು.

ಆ ಸಂಜೆ ಅವರು ಅಂಗಡಿಯಿಂದ ಬೇಗ ಬಂದರು. ಬಚ್ಚಲ ಬಾಗಿಲಲ್ಲಿ ಹೆಂಡತಿ ನಿಂತು ಬೇಡಿಕೊಳ್ಳುತ್ತಿದ್ದಳು. "ಅತ್ತೆ, ಮುಖವಾದ್ರೂ ತೊಳ್ಕೊಳ್ಳಿ. ನಾನಿದೀನಲ್ಲ." ತಾಯಿ ಬರಿಗಾಲಲ್ಲಿ ಹೊಸ್ತಿಲ ಈಚೆ ನಿಂತು ತಲೆಯಾಡಿಸುತ್ತಿದ್ದರು.

"ಏನಮ್ಮಾ ನಿನ್ನ ಗೋಳು!" ಎಂದು ಯಜಮಾನರು ರೇಗಿದರು. ಚಪ್ಪಲಿ ಮೆಟ್ಟಿ ಒಳಗೆ ಹೋಗಿ ಗೋಡೆಗೆ ಅಂಗೈ ಇಟ್ಟು ತೋರಿಸಿದರು. "ನೋಡು. ಎಲ್ಲಿ ಕಚ್ಚಿತು? ಹೇಳು, ಎಲ್ಲಿ?"

ತಾಯಿ ಅವರ ಕೈಯನ್ನು ನೋಡಲಿಲ್ಲ. ಕಾಲನ್ನು ನೋಡಿದರು. ಎಷ್ಟೋ ದಿನಗಳಿಂದ ಕಾಣದ ಹಳೆಯ ಕಣ್ಣು ಅದು, ಬೀದಿಯಲ್ಲಿ ಗಿರಾಕಿಯ ಸುಳ್ಳನ್ನು ಹಿಡಿಯುತ್ತಿದ್ದ ಕಣ್ಣು.

"ಚಪ್ಪಲಿ ಬಿಚ್ಚಿ ಮುಟ್ಟೋ," ಎಂದರು.

"ಏನು?"

"ನನ್ನ ತಲೆ ಕೆಟ್ಟಿದೆ, ಗೋಡೆ ಸರಿಯಾಗಿದೆ ಅಂತೀಯಲ್ಲ. ಹಾಗಾದ್ರೆ ಚಪ್ಪಲಿ ಬಿಚ್ಚು. ನನ್ನ ಹಾಗೆ ನಿಂತ್ಕೊಂಡು ಮುಟ್ಟು."

ಯಜಮಾನರು ನಗಲು ಹೋದರು. ನಗು ಬರಲಿಲ್ಲ. ಅಂಗೈಯನ್ನು ಗೋಡೆಯಿಂದ ತೆಗೆದು, ಬಲಗಾಲನ್ನು ಚಪ್ಪಲಿಯಿಂದ ಬಿಡಿಸಿ ನೆಲಕ್ಕೆ ಇಟ್ಟರು. ನೆಲ ಒದ್ದೆಯಾಗಿ ತಣ್ಣಗಿತ್ತು. ಇನ್ನೊಂದು ಕಾಲನ್ನೂ ಇಟ್ಟರು. ಕೈ ಎತ್ತಿದರು. ಗೋಡೆಯಲ್ಲಿ, ಅವರು ಹಿಂದೆ ತಂತಿ ತಳ್ಳಿದ ಜಾಗದ ಸುತ್ತ, ಚಹಾ ಚೆಲ್ಲಿದಂಥ ಒದ್ದೆಯ ಕಲೆ ಹಬ್ಬಿತ್ತು. ಅದು ದಿನಾ ಕಣ್ಣಿಗೆ ಬೀಳುತ್ತಿದ್ದದ್ದೇ. ಇಂದು ಮೊದಲ ಸಲ ಅದು ಏನೆಂದು ತಿಳಿಯಿತು.

ಕೈ ಮುಂದೆ ಹೋಗಲಿಲ್ಲ.

"ಯಾಕೋ? ಮುಟ್ಟೋ," ಎಂದರು ತಾಯಿ. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಇಷ್ಟು ದಿನ ನನ್ನ ಮುಟ್ಟಿಸಿದೆಯಲ್ಲ."

ಯಜಮಾನರು ಕೈ ಇಳಿಸಿದರು. ಚಪ್ಪಲಿ ಮೆಟ್ಟಿ ಈಚೆ ಬಂದು, ತಾಯಿಯನ್ನು ಬಾಗಿಲಿನಿಂದ ದೂರ ಕೂರಿಸಿ, ನೇರ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗಿಳಿಸಿದರು. ಫ್ಯಾನು ನಿಂತಿತು, ಫ್ರಿಜ್ಜು ಗೊರಗುಟ್ಟಿ ಸುಮ್ಮನಾಯಿತು. "ಯಾರೂ ಏನನ್ನೂ ಮುಟ್ಟಬೇಡಿ," ಎಂದರು. ಜೀವಮಾನದಲ್ಲಿ ಮೊದಲ ಸಲ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು.

ಬಂದವನು ಮಾತುಗಾರ, ಮುಂಗೋಪಿ. ಮೀಟರಿಟ್ಟು ನೋಡಬೇಕಾದಷ್ಟು ಹೊತ್ತು ಮಾತ್ರ ಮೇನ್ ಹಾಕಿಸಿ, ಮತ್ತೆ ತೆಗೆಸಿ, ಕಲೆಯಿದ್ದಲ್ಲಿ ಗೋಡೆ ಒಡೆದ. ನೀರಿನ ಪೈಪು ಸಣ್ಣಗೆ ಜಿನುಗುತ್ತಿತ್ತು. ಅದರ ಪಕ್ಕದಲ್ಲೇ ಟೇಪು ಕೊಳೆತು ಬಿಚ್ಚಿಕೊಂಡು, ತಾಮ್ರ ಹಸಿರುಗಟ್ಟಿ ಕೂತಿತ್ತು.

"ಇದ್ಯಾರಪ್ಪ ಸುತ್ತಿದ್ದು, ಗಾಯಕ್ಕೆ ಬಟ್ಟೆ ಸುತ್ತಿದ ಹಾಗೆ?"

ಹೆಂಡತಿ ಗಂಡನತ್ತ ನೋಡಿ, "ಸೋಪು ಮೆತ್ತಿದ್ದಾರೆ ಅನ್ನಿ," ಎಂದಳು.

"ಟೆಸ್ಟರ್ ಹಚ್ಚಿ ನೋಡಿದ್ದೆ ಕಣಪ್ಪ. ದೀಪವೇ ಕಾಣಲಿಲ್ಲ."

"ಕಾಲಡಿ ಇಷ್ಟು ದಪ್ಪ ರಬ್ಬರು, ಮೇಲೆ ಬಿಸಿಲು. ಎಲ್ಲಿ ಕಾಣುತ್ತೆ ಯಜಮಾನ್ರೇ? ಸೋರೋ ಕರೆಂಟಿಗೆ ಅದು ಮಿಣುಕ್ ಅಂದ್ರೂ ಹೆಚ್ಚು. ಟೆಸ್ಟರ್ ಉರಿದ್ರೆ ನಂಬಿ. ಉರೀಲಿಲ್ಲ ಅಂತ ಯಾವತ್ತೂ ನಂಬಬೇಡಿ." ಅವನು ಫ್ಯೂಸು ಕಿತ್ತು, ಹೆಣೆದ ಜಡೆಯನ್ನು ಎತ್ತಿ ಹಿಡಿದ. "ಅಬ್ಬಬ್ಬಾ, ಇದಕ್ಕೆ ಹೂವೊಂದು ಮುಡಿಸೋದು ಬಾಕಿ! ಒಂದ್ಸಲ ಫ್ಯೂಸು ಹೋದ್ರೆ ಮೇನ್ ತೆಗೆದು ನೀವೇ ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಬಲ್ಬ್ ಬದಲಾಯಿಸಿ, ಅದೂ ಸರಿ. ಅದೇ ಫ್ಯೂಸು ಮತ್ತೆ ಹೋಯ್ತು ಅಂದ್ರೆ ಅದು ಏನೋ ಹೇಳ್ತಿದೆ ಅಂತ ಅರ್ಥ. ನೀವು ಅದರ ಬಾಯಿ ಮುಚ್ಚಿಸಿದ್ರಿ. ಸ್ವಿಚ್ಚು ಬಿಸಿಯಾಗೋದು, ಸುಟ್ಟ ವಾಸನೆ, ನಲ್ಲೀಲಿ ಜುಂ ಅನ್ನೋದು, ಒದ್ದೆ ಗೋಡೆ... ಇವೆಲ್ಲ ಸೌಟು, ಚಪ್ಪಲಿಗೆ ಬಗ್ಗೋವಲ್ಲ. ಮೇನ್ ತೆಗೆದು ನಮ್ಮನ್ನ ಕರೀಬೇಕು. ಹಸಿರು ವೈರ್ ಎಲ್ಲಿ?"

"ಕತ್ತರಿಸಿದೆ."

"ಅರ್ತ್ ವೈರಾ? ಅದಿದ್ದಿದ್ರೆ, ಫ್ಯೂಸೂ ನೆಟ್ಟಗಿದ್ದಿದ್ರೆ, ಗೀಸರಿಗೆ ಏನಾದ್ರೂ ಆದಾಗ ಅದೇ ಹಾರಿ ನಿಮ್ಮನ್ನ ಎಬ್ಬಿಸ್ತಿತ್ತು." ಅವನು ಒಳಗೆ ಇಣುಕಿ ಮುದುಕಿಯನ್ನು ನೋಡಿ ದನಿ ತಗ್ಗಿಸಿದ. "ಅಜ್ಜಿ ಬದುಕಿರೋದು ದೊಡ್ಡದು, ಯಜಮಾನ್ರೇ."

ಅವನು ತಂತಿ ಬದಲಿಸಿದ, ಅರ್ತ್ ಎಳೆದ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನು ಹಾಕಿದ. ಪೈಪಿನವನು ಬಂದು ಜಿನುಗು ನಿಲ್ಲಿಸಿದ. ಚಪ್ಪಲಿಗಳ ಸಾಲು ಕಸಕ್ಕೆ ಹೋಯಿತು. ಸೌಟು ಅಡುಗೆಮನೆಗೆ ಮರಳಿತು. ಚೀಲಕ್ಕೆ ತುಂಬಿದ ಸೀರೆಗಳನ್ನು ಹೆಂಡತಿ ಯಾರನ್ನೂ ಕೇಳದೆ ಮತ್ತೆ ಕಪಾಟಿಗೆ ಜೋಡಿಸಿದಳು. ತಮ್ಮ ಫೋನ್ ಮಾಡಿದಾಗ ಯಜಮಾನರು, "ಅಮ್ಮ ಎಲ್ಲಿಗೂ ಬರಲ್ಲ. ತಲೆ ಕೆಟ್ಟಿದ್ದು ಮನೆಗೆ," ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಯಜಮಾನರು ಅದನ್ನು ಗಿರಾಕಿಗಳಿಗೆ ಹೇಳಿಕೊಂಡು ನಗುತ್ತಿದ್ದರೇನೋ. ಹೊಸ ಗಾರೆ ಒಣಗಿದ ಮೇಲೆ ಒಂದು ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಮತ್ತೆ ಅದೇ ಅಳು.

"ಕಚ್ಚುತ್ತೆ ಕಣೋ ಮಗಾ!"

ಎಲೆಕ್ಟ್ರಿಷಿಯನ್ ಮತ್ತೆ ಬಂದ. ಮೀಟರಿಟ್ಟು ಮೂಲೆ ಮೂಲೆ ನೋಡಿದ. ಏನೂ ಇರಲಿಲ್ಲ.

ಅಲ್ಲಿಂದೀಚೆಗೆ ಆ ಅಳು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಅದು ಕಾಯಿಲೆಯೋ, ಅಷ್ಟು ದಿನ ಕಚ್ಚಿಸಿಕೊಂಡ ಮೈಯ ಹೆದರಿಕೆಯೋ, ಡಾಕ್ಟರಿಗೂ ಗೊತ್ತಿಲ್ಲ. "ಏನೂ ಇಲ್ಲಮ್ಮ" ಎನ್ನುವ ಮಾತು ಮಾತ್ರ ಯಜಮಾನರ ಬಾಯಿಂದ ಹೊರಡುವುದಿಲ್ಲ. ತಾಯಿ ಕರೆದಾಗಲೆಲ್ಲ ಅವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, "ಎಲ್ಲಮ್ಮಾ, ತೋರಿಸು," ಎನ್ನುತ್ತಾರೆ. ತಾಯಿ ಬೆರಳು ಮಾಡಿದಲ್ಲಿ ಅಂಗೈ ಇಡುತ್ತಾರೆ. ತಾಯಿ ಮೊದಲು ಅವರ ಕಾಲು ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ.

ನಂಬಿದ ದಿನ ಸ್ನಾನವಾಗುತ್ತದೆ. ನಂಬದ ದಿನ ಯಜಮಾನರು ತಾಯಿಯ ಬಳಿ ಕೂತು, ಅಂಗಡಿ ತಡವಾಗಿ ತೆಗೆಯುತ್ತಾರೆ.