ಕಣದೊಳಗಿನ ಕೆಂಪು ಕಡ್ಡಿಗಳು

ಆದೋನಿಯಲ್ಲಿ ನನ್ನದೊಂದು ರಕ್ತಪರೀಕ್ಷೆಯ ಲ್ಯಾಬ್ ಇದೆ. ಡಾಕ್ಟರಾದರೂ ನಾನು ರೋಗಿಗಳ ಮುಖ ನೋಡುವುದು ಕಡಿಮೆ. ನೋಡುವುದೆಲ್ಲ ಅವರ ರಕ್ತವನ್ನು. ಒಂದು ಮಧ್ಯಾಹ್ನ ಚಿಪ್ಪಗಿರಿಯಿಂದ ನನ್ನ ಸೋದರತ್ತೆ, ಮಾವನ ಜೊತೆ ಬಂದಳು. ಹಲ್ಲುಜ್ಜಿದರೆ ರಕ್ತ ನಿಲ್ಲುತ್ತಿಲ್ಲವೆಂದು ಹೇಳಿ ಬಳೆ ಮೇಲೆ ಸರಿಸಿದಳು. ತೋಳಿನ ತುಂಬ ನೀಲಿ ಕಲೆಗಳು.

"ಎಲ್ಲೂ ಬಿದ್ದಿಲ್ಲವ್ವಾ. ತಾನ ಬಂದಾವ."

ನಾನೇ ರಕ್ತ ತೆಗೆದೆ. ಸೂಜಿ ಚುಚ್ಚಿದಲ್ಲಿ ಎಷ್ಟು ಒತ್ತಿ ಹಿಡಿದರೂ ಅರಳೆ ಒದ್ದೆಯಾಗುತ್ತಲೇ ಇತ್ತು. ಗಾಜಿನ ಮೇಲೆ ಒಂದು ಹನಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಇರಬಾರದ ಎಳೆಯ ಕಣಗಳು ಕಂಡವು. ರಕ್ತದ ಕ್ಯಾನ್ಸರ್. ಆದರೆ ಯಾವ ಬಗೆಯದು? ಗಾಜನ್ನು ಮೆಲ್ಲಗೆ ಸರಿಸುತ್ತ ಹೋದೆ. ಒಂದು ಕಣದೊಳಗೆ ಕೆಂಪು ಕಡ್ಡಿಗಳು, ಹತ್ತಿಕಟ್ಟಿಗೆಯನ್ನು ಹೊರೆ ಕಟ್ಟಿದ ಹಾಗೆ. ಪಕ್ಕದ್ದರಲ್ಲೂ ಹಾಗೆಯೇ. ಈ ಬಗೆಯನ್ನು ಬೇಗ ಗುರುತಿಸಿ ಸರಿಯಾದ ಗುಳಿಗೆ ಕೊಟ್ಟರೆ ಬಹಳ ಜನ ಬದುಕುತ್ತಾರೆ. ತಡವಾದರೆ ಮಿದುಳಿನಲ್ಲಿ ರಕ್ತ ಒಸರಿ ಯಾವ ಗಳಿಗೆಯಲ್ಲಾದರೂ ಸಾವು ಬರಬಹುದು.

ಕರ್ನೂಲಿನ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿದೆ. ಖಂಡಿತವಾಗಿ ಕಂಡಿರಾ ಎಂದು ಅವರು ತೆಲುಗಿನಲ್ಲಿ ಕೇಳಿದರು. ಮತ್ತೊಮ್ಮೆ ನೋಡಿ ಹೌದೆಂದೆ. ಹಾಗಾದರೆ ಮಜ್ಜೆ ಪರೀಕ್ಷೆಯ ವರದಿಗೆ ಕಾಯುವುದಿಲ್ಲ, ಬಂದ ಕೂಡಲೇ ಗುಳಿಗೆ ಶುರು ಮಾಡುತ್ತೇನೆ ಎಂದರು.

ಈಗಲೇ ಕರ್ನೂಲಿಗೆ ಹೊರಡಬೇಕೆಂದರೆ ಮಾವ ಒಪ್ಪಲಿಲ್ಲ. "ಸೋಮವಾರ ಉರುಕುಂದಕ್ಕ ಹರಕಿ ಐತಿ. ಮುಗಿಸಿಕೊಂಡು ಹೋಗೋಣು."

"ಸೋಮವಾರದ ತನಕ ಅತ್ತಿ ಉಳಿಯಂಗಿಲ್ಲ ಮಾಮಾ!"

ಬಾಯಿ ಜಾರಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಸೆರಗು ಹೊದ್ದುಕೊಂಡು, "ಏಳ್ರಿ, ಕಾರು ಕರೀರಿ" ಎಂದು ಮಾವನಿಗೆ ಅವಳೇ ಹೇಳಿದಳು.

ಎಮ್ಮಿಗನೂರು ದಾಟಿದ ಮೇಲೆ, "ತಲಿ ಸಿಡೀತೈತಿ" ಎಂದಳು. ಹೊಂಡ ಬಂದಾಗಲೆಲ್ಲ ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದೆ. ಏನಾದರೂ ಹೇಳು ಅತ್ತಿ ಎಂದು ಪೀಡಿಸಿದೆ. ಉತ್ತರ ಚಿಕ್ಕದಾಗುತ್ತ ಬಂದು ಕೊನೆಗೆ ನಿಂತುಹೋಯಿತು. ಭುಜ ಅಲುಗಿಸಿದೆ.

"ಅದೀನವ್ವಾ," ಎಂದಳು, ಕಣ್ಣು ಬಿಡದೆ.

ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ಮೊದಲೇ ಗುಳಿಗೆ ನುಂಗಿಸಿದರು. ಅಸ್ಥಿಮಜ್ಜೆ ತೆಗೆದು ಹೈದರಾಬಾದಿಗೆ ಕಳಿಸಿದರು. ವರದಿ ಬರುವವರೆಗೂ ನನಗೆ ಅನ್ನ ಸೇರಲಿಲ್ಲ. ನನ್ನ ಕಣ್ಣೇ ತಪ್ಪಿದ್ದರೆ? ಬೇರೆ ಬಗೆಯಾಗಿದ್ದರೆ ಔಷಧವೇ ಬೇರೆ.

ಕಂಡದ್ದು ನಿಜವಾಗಿತ್ತು. ವರದಿಯೂ ಅದನ್ನೇ ಹೇಳಿತು. ಆಮೇಲೂ ಜ್ವರ, ಏದುಸಿರು ಅವಳನ್ನು ವಾರಗಟ್ಟಲೆ ಕಾಡಿದವು. ಈಗ ಮಜ್ಜೆಯಲ್ಲಿ ಆ ಕಣಗಳಿಲ್ಲ. ತಪಾಸಣೆಗೆಂದು ಬಂದಾಗ ನಮ್ಮ ಮನೆಯಲ್ಲೇ ಉಳಿಯುತ್ತಾಳೆ, ನನ್ನ ಸಾರಿಗೆ ಹುಳಿ ಕಡಿಮೆ ಎಂದು ಬೈಯುತ್ತಾಳೆ.