ಟಾರ್ಪಾಲಿನ ಇನ್ನೊಂದು ತುದಿ

ಕಾಲು ಮುರಿದುಕೊಂಡು ಮಲಗಿದ್ದ ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದೆ: ಒಂದರ ಹಿಂದೊಂದು ಬೆಟ್ಟದ ಸಾಲು ಕಾಣುವ ಫೋಟೋ ತಂದು ನಿನ್ನ ಮಂಚದ ಎದುರಿನ ಗೋಡೆಗೆ ಹಾಕುತ್ತೇನೆ ಎಂದು. ಮೂರು ತಿಂಗಳಿಂದ ಅವಳು ನೋಡುತ್ತಿದ್ದದ್ದು ಆ ಬೋಳು ಗೋಡೆ, ಅದರ ಮೇಲೊಂದು ಹಲ್ಲಿ, ಅಷ್ಟೇ. ನನಗೆ ಸಿಕ್ಕ ರಜೆ ನಾಲ್ಕೇ ದಿನ. ಭಾಗಮಂಡಲದ ಹತ್ತಿರ ಒಬ್ಬ ಅಜ್ಜಿಯ ಮನೆಯಲ್ಲಿ ರೂಮು ಹಿಡಿದೆ. ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಅದರಾಚೆ ಪಡುವಣದ ಬೆಟ್ಟಗಳು.

ಮಧ್ಯಾಹ್ನವೆಲ್ಲ ಅವು ಒಂದೇ ಹಸಿರು ಮುದ್ದೆ. ಸೂರ್ಯ ಇಳಿದು ಹಿಂದಿನಿಂದ ಬೆಳಕು ಬಂದಾಗ ಮಾತ್ರ ಬಿಡಿಬಿಡಿಯಾಗುತ್ತವೆ: ಹತ್ತಿರದ್ದು ಕಪ್ಪು, ಆಚೆಯದು ನೀಲಿ, ಅದರಾಚೆಯದು ತೆಳು ನೀಲಿ. ಆ ಆಟ ಕಾಲು ಗಂಟೆಯದು. ಮೊದಲ ಸಂಜೆ ಅದು ಶುರುವಾದದ್ದೇ ತಡ, ಕ್ಯಾಮೆರಾ ಹಿಡಿದು ಬೂಟುಗಾಲಲ್ಲೇ ಕಣಕ್ಕೆ ನುಗ್ಗಿದೆ.

"ಅಯ್ಯಯ್ಯೋ! ಬೂಟು ಹಾಕ್ಕೊಂಡು ಕಾಫಿ ಮೇಲೆ ಹತ್ತೋದಾ? ಎಂತ ಮಾರಾಯ್ತಿ ನೀನು!" ಅಜ್ಜಿ ಕೂಗಿದರು.

ಕಣಕ್ಕೆ ಬರಿಗಾಲಲ್ಲಿ ಇಳಿಯಬೇಕೆಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಬೂಟು ಕಳಚಿ ಬರುವಷ್ಟರಲ್ಲಿ ಅಜ್ಜಿ ಟಾರ್ಪಾಲು ಹಿಡಿದು ನಿಂತಿದ್ದರು. ಇಬ್ಬನಿ ಬೀಳುವ ಮೊದಲು ಕಾಫಿ ರಾಶಿ ಮಾಡಿ ಮುಚ್ಚಬೇಕು. ಕೆಲಸದವರು ಅಷ್ಟೊತ್ತಿಗೆ ಮನೆ ಸೇರಿರುತ್ತಾರೆ, ಮಗ ಮದುವೆಗೆಂದು ಸಂಪಾಜೆಗೆ ಹೋಗಿದ್ದ.

"ಆಚೆ ಗುಡ್ಡೆಗಳನ್ನ ಬಿಡಿಬಿಡಿಯಾಗಿ ಎಣಿಸ್ಲಿಕ್ಕೆ ಆಯ್ತು ಅಂದ್ರೆ ಕಾಫಿ ಮುಚ್ಚೋ ಹೊತ್ತಾಯ್ತು. ಆ ತುದಿ ಹಿಡಿ."

ನನ್ನ ಬೆಳಕೇ ಅವರ ಗಡಿಯಾರ! ಮುಚ್ಚಿ ಮುಗಿಸಿ ಕ್ಯಾಮೆರಾ ಎತ್ತಿದರೆ ಬೆಟ್ಟಗಳೆಲ್ಲ ಕಪ್ಪು ಮುದ್ದೆ. ಎರಡನೇ ಸಂಜೆಯೂ ಅದೇ ಕಥೆ.

ಮೂರನೇ ಸಂಜೆ, ನನಗುಳಿದ ಕೊನೆಯ ಸಂಜೆ, ಖಡಾಖಂಡಿತವಾಗಿ ಹೇಳಿದೆ: "ಅಜ್ಜಿ, ಇವತ್ತು ನನ್ನನ್ನ ಕರೀಬೇಡಿ." ಅವರು ತಲೆಯಾಡಿಸಿದರು. ಸ್ಟ್ಯಾಂಡಿಗೆ ಕ್ಯಾಮೆರಾ ಏರಿಸಿ ಕಾದೆ. ಮೂರು ಸಾಲು, ನಾಲ್ಕು, ಐದು... ಇನ್ನೊಂದು ಕಂಡರೆ ಕ್ಲಿಕ್ಕಿಸೋಣ ಎಂದುಕೊಂಡೆ, ಅಷ್ಟರಲ್ಲಿ ಬೆನ್ನ ಹಿಂದೆ ಗುಡುಗು. ಕಾಫಿ ಒಣಗುವ ಕಾಲದಲ್ಲಿ ಬರಬಾರದ ಮಳೆ. ತಿರುಗಿದರೆ ಅಜ್ಜಿ ಒಬ್ಬರೇ ಏದುಸಿರು ಬಿಡುತ್ತ ರಾಶಿ ಎಳೆಯುತ್ತಿದ್ದರು. ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ಬಹುಶಃ ಸಿಡುಕುತ್ತಿದ್ದೆ. ಹಾಳಾಗಿ ಹೋಗಲಿ ಎಂದು ಕ್ಯಾಮೆರಾವನ್ನು ಜಗಲಿಗೆ ಹಾಕಿ ಬರಿಗಾಲಲ್ಲಿ ಓಡಿದೆ. ಟಾರ್ಪಾಲಿನ ಕೊನೆಯ ಮೂಲೆಗೆ ಕಲ್ಲು ಇಡುವಾಗ ಮಳೆ ಧೋ ಎಂದು ಸುರಿಯಿತು. ಕಾಫಿ ಉಳಿಯಿತು. ಇಬ್ಬರೂ ತೊಯ್ದು ತೊಪ್ಪೆಯಾಗಿ ನಕ್ಕೆವು. ಆಮೇಲೆ ಅಕ್ಕನ ಗೋಡೆ ನೆನಪಾಗಿ ನನಗೆ ಅಳುವೇ ಬಂತು.

ಬೆಳಗಾಗುತ್ತಲೇ ಅಜ್ಜಿ ಬಾಗಿಲು ಬಡಿದರು. "ಬಸ್ಸಿಗೆ ಇನ್ನೂ ಹೊತ್ತುಂಟು. ನಿನ್ನ ಕ್ಯಾಮೆರಾ ತಗೊಂಡು ಬಾ."

ಮನೆಯ ಹಿಂದಿನ ತೋಟ ಹತ್ತಿಸಿ ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿದರು. ಕಣಿವೆ ಕಣಿವೆಯಲ್ಲೂ ಮಂಜು, ಬೆಟ್ಟಗಳ ಹಿಂದಿನಿಂದ ಎಳೆಬಿಸಿಲು. ಎಣಿಸಿದೆ: ಹನ್ನೊಂದು ಸಾಲು! ಒಂದಲ್ಲ, ಮೂವತ್ತು ಫೋಟೋ ತೆಗೆದೆ. ಆಮೇಲೆ ಅನುಮಾನ ಹುಟ್ಟಿತು.

"ಇಲ್ಲಿ ದಿನಾ ಹೀಗೇ ಕಾಣ್ತದಾ ಅಜ್ಜಿ?"

"ಚಳಿಗಾಲದಲ್ಲಿ ದಿನಾ."

"ಮೊದಲ ದಿನವೇ ಹೇಳಬಾರದಿತ್ತಾ?"

ಅಜ್ಜಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಹೇಳಿದ್ರೆ ಫೋಟೋ ತೆಗ್ದು ಆವತ್ತೇ ಬಸ್ ಹತ್ತಿ ಹೋಗ್ತಿದ್ದೆ. ಟಾರ್ಪಾಲಿನ ಇನ್ನೊಂದು ತುದಿ ಯಾರು ಹಿಡೀತಿದ್ರು?"