ಅಮ್ಮನ ಪಿಕಪ್ಪಿಗೊಂದು ಸ್ವೆಟರ್

ದೆಹಲಿಗೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ. ಪೀತಮ್‌ಪುರದ ನಮ್ಮ ಕಾಲೊನಿಯಲ್ಲಿ ಎಲ್ಲರೂ ಮೆಟ್ರೋ ಹತ್ತಿ ಬಂದ ಕಥೆ ಹೇಳುತ್ತಿದ್ದರೆ, ನಮ್ಮಮ್ಮ ಚಳಿಗಾಲದ ಆರಂಭದ ಒಂದು ಮಧ್ಯಾಹ್ನ ಕೆಂಪು ಪಿಕಪ್ ಟ್ರಕ್ಕೊಂದನ್ನು ತಾನೇ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದಳು. ನಾಲ್ಕು ಬಾಗಿಲು, ಹಿಂದೆ ಸಾಮಾನು ಹಾಕುವ ತೆರೆದ ತೊಟ್ಟಿ, ಮುಂದೆ ಕೇರಂ ಆಡಬಹುದಾದಷ್ಟು ಅಗಲದ ಬಾನೆಟ್ಟು. ಅಮ್ಮ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಚಾರ್ಟರ್ಡ್ ಬಸ್ಸಿನ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ವರ್ಷಗಟ್ಟಲೆ ಓಡಾಡಿದವಳು. "ಇನ್ಮೇಲೆ ಎತ್ತರದಲ್ಲಿ ಕೂತ್ಕೊಂಡು ಹೋಗ್ತೀನಿ" ಎಂದಳು, ಅಷ್ಟೇ. ಎದುರುಮನೆಯ ಪಂಜಾಬಿ ಆಂಟಿ ಬಾಲ್ಕನಿಯಿಂದಲೇ, "ಭಾಭೀಜೀ, ಟ್ರಾನ್ಸ್‌ಪೋರ್ಟ್ ಕಾ ಕಾಮ್ ಶುರು ಕಿಯಾ ಕ್ಯಾ?" ಎಂದು ಕೂಗಿದರು. ಅದೇ ವಾರ ಅವರ ಸೋಫಾ ರಿಪೇರಿಗೆ ಹೋಗಿಬಂದದ್ದೂ ನಮ್ಮ ಗಾಡಿಯಲ್ಲೇ.

ಅಪ್ಪ ಮಾತ್ರ ಆ ಗಾಡಿ ಹತ್ತಲಿಲ್ಲ. ಅವರು ಇನ್ನೊಂದು ಸರ್ಕಾರಿ ಕಚೇರಿಯಲ್ಲಿ ರಜೆಯ ನಿಯಮಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ನಿಯಮವಿಲ್ಲದೆ ಒಂದು ಲೋಟ ನೀರನ್ನೂ ಕುಡಿಯುವವರಲ್ಲ. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಹಾಗಾಗಿ ಡ್ರೈವಿಂಗ್ ಬಗ್ಗೆ ಅಭಿಪ್ರಾಯಗಳು ಬಹಳ ಇದ್ದವು. ಅಮ್ಮನಿಗೆ ಬೇಕಾಗಿದ್ದದ್ದು ಒಂದೇ, ಗಂಡ ಮುಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಬೇಕು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟಳು.

"ರೀ, ಒಂದ್ಸಲ ಬನ್ನಿ. ತಂಗಿ ಮನೆವರೆಗೆ. ಗುರ್‌ಗಾಂವ್ ಏನು ಲಂಡನ್ನಾ?"

ಅಪ್ಪ ಯೋಚಿಸಿ ಒಂದು ನಿಯಮ ಮಾಡಿದರು. ಮುಂದಿನ ಗಾಡಿಗೆ ಅಂಟಿಕೊಂಡು ಓಡಿಸುವವರ ಬಾನೆಟ್ಟಿಗೇ ಕಲ್ಲು ಸಿಡಿಯುವುದು, ಬಿರುಸಾಗಿ ಓಡಿಸುವವರ ಬಾನೆಟ್ಟಿಗೇ ಹುಳು ಮೆತ್ತುವುದು, ಹಾಗಾಗಿ ಓಡಿಸುವವರ ಗುಣ ಬಾನೆಟ್ಟಿನ ಮೇಲೆ ಕಾಣುತ್ತದೆ ಎಂಬುದು ಅವರ ವಾದ. "ಬರೋ ಆಯುಧಪೂಜೆವರೆಗೆ ಆ ಬಾನೆಟ್ಟಿನ ಪೇಂಟಿಗೆ ಒಂದೇ ಒಂದು ಗುರುತು ಬೀಳದೆ ಇದ್ರೆ, ನಾನು ಮುಂದೆ ಕೂರ್ತೀನಿ. ಬಿತ್ತೋ, ಕೀ ನನ್ನ ಕೈಗೆ. ಡ್ರೈವರ್ ಇಡೋದು" ಎಂದರು. ಅಮ್ಮ ತಕ್ಷಣ "ಚಲೋ, ಆಯ್ತು" ಎಂದಳು. ಅವಳ ಕಣ್ಣಿನ ಹೊಳಪು ನೋಡಿ ನನಗೆ ಭಯವಾಯಿತು. ಸ್ವೀಟ್ ಹಂಚುವ ಮೊದಲು ಅಮ್ಮನ ಕಣ್ಣು ಹಾಗಾಗುತ್ತಿತ್ತು, ಜಗಳ ತೆಗೆಯುವ ಮೊದಲೂ ಹಾಗೇ ಆಗುತ್ತಿತ್ತು.

ಚಿಕ್ಕಮ್ಮ ಗುರ್‌ಗಾಂವ್‌ನ ಹನ್ನೊಂದನೇ ಮಹಡಿಯಲ್ಲಿದ್ದಳು. ತಿಂಗಳಿಗೊಮ್ಮೆ ಅಲ್ಲಿ ಊಟ. ಆಗ ಆ ದಾರಿಯನ್ನೆಲ್ಲ ಅಗೆದು ಹೊಸ ಹೆದ್ದಾರಿ ಕಟ್ಟುತ್ತಿದ್ದರು. ಜಲ್ಲಿ ತುಂಬಿದ ಡಂಪರ್‌ಗಳು ಸಾಲುಸಾಲಾಗಿ, ದಾರಿಯುದ್ದಕ್ಕೂ ಜಲ್ಲಿ ಉದುರಿಸುತ್ತಾ ಹೋಗುತ್ತಿದ್ದವು. ಜನವರಿ ಕಳೆಯುತ್ತಿದ್ದಂತೆ ಅತ್ತ ಕಡೆಯ ಸಾಸಿವೆ ಹೊಲಗಳಿಂದ ಎಳ್ಳಿಗಿಂತ ಸಣ್ಣ ಹುಳುಗಳು ಮೋಡದಂತೆ ಎದ್ದು, ಹೋಗುವ ಬರುವ ಗಾಡಿಗಳಿಗೆಲ್ಲ ಮೆತ್ತಿಕೊಳ್ಳುತ್ತಿದ್ದವು. ಕಾಲೇಜು ಹುಡುಗಿಯಾಗಿದ್ದ ನಾನು ಅಮ್ಮನ ಏಕೈಕ ಸಹಾಯಕಿ.

ಮೊದಲು ಹುಳುಗಳ ಸರದಿ. "ಹಲಸಿನಹಣ್ಣು ಬಿಡಿಸೋವಾಗ ಕೈಗೆ ಏನು ಹಚ್ಕೋತೀವಿ? ಎಣ್ಣೆ! ಅಂಟು ಹಿಡಿಯುತ್ತಾ? ಇಲ್ಲ! ಹುಳಕ್ಕೂ ಅದೇ" ಎಂದಳು ಅಮ್ಮ. ವಾದದಲ್ಲಿ ತಪ್ಪು ಕಾಣಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಇಬ್ಬರೂ ಸೇರಿ ಇಡೀ ಬಾನೆಟ್ಟಿಗೆ ಅಭ್ಯಂಜನ ಮಾಡಿಸಿದೆವು. ದೆಹಲಿಯ ಚಳಿಯಲ್ಲಿ ಬಾಟಲಿಯೊಳಗೆ ಗಟ್ಟಿಯಾಗುವ ಎಣ್ಣೆ ತಣ್ಣನೆಯ ತಗಡಿನ ಮೇಲೆ ಏನಾದೀತು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕೈ ಒರೆಸಿಕೊಂಡು ತಿರುಗಿ ನೋಡಿದರೆ ಕೆಂಪು ಬಾನೆಟ್ಟು ಪೂರ್ತಿ ಬಿಳಿ! ಉಜ್ಜಿದರೆ ಬೆಣ್ಣೆಯಂತೆ ಉಂಡೆಯಾಗಿ ಬರುತ್ತಿತ್ತು. ಪಂಜಾಬಿ ಆಂಟಿ ಬಂದು ಬೆರಳಲ್ಲಿ ಮುಟ್ಟಿ ಮೂಸಿ, "ಅರೇ, ಗಾಡಿ ಕೋ ಪರಾಠಾ ಸಮ್ಝಾ ಹೈ?" ಎಂದರು. ಅಮ್ಮ ನಗುತ್ತಾ ನಗುತ್ತಾ ಬಂಪರಿನ ಮೇಲೇ ಕುಸಿದು ಕೂತಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಕಲ್ಲಿಗೆ ಉಪಾಯ ಸಿಕ್ಕಿದ್ದು ಅವಳ ಕಚೇರಿಯ ಹುಲ್ಲುಹಾಸಿನಲ್ಲಿ. ಚಳಿಗಾಲದಲ್ಲಿ ಊಟದ ವಿರಾಮಕ್ಕೆ ಅಲ್ಲಿನ ಹೆಂಗಸರೆಲ್ಲ ಬಿಸಿಲಿಗೆ ಕೂತು, ಕಡಲೆಕಾಯಿ ಸುಲಿಯುತ್ತಾ ಸ್ವೆಟರ್ ಹೆಣೆಯುತ್ತಿದ್ದರು. ಅಮ್ಮನೂ ಅವರಿಂದಲೇ ಕಲಿತು ನಮಗೆಲ್ಲ ಹೆಣೆದಿದ್ದಳು. ಈಗ ಅವಳು ಬಾನೆಟ್ಟನ್ನು ಸೀರೆಯ ಸೆರಗಿನಿಂದ ಅಳೆದು ಹೋಗಿ ವಿಷಯ ಮುಂದಿಟ್ಟಳು. ಗಂಡ ಪಕ್ಕದಲ್ಲಿ ಕೂರಬೇಕು ಎಂದಾಗ ಆ ಸಭೆಯಲ್ಲಿ ವಿರೋಧವೇ ಬರಲಿಲ್ಲವಂತೆ. ಒಬ್ಬೊಬ್ಬರು ಒಂದೊಂದು ತುಂಡು ಹೆಣೆದರು, ಮನೆಯಲ್ಲಿ ಮಿಕ್ಕ ಉಣ್ಣೆಯಲ್ಲಿ. ಶಾಲೆಯ ನೀಲಿ, ಮೊಮ್ಮಗುವಿನ ಗುಲಾಬಿ, ಯಾರದೋ ಮಾವನ ಮಫ್ಲರಿನ ಕಂದು. ಎಲ್ಲವನ್ನೂ ಜೋಡಿಸಿ, ಎರಡು ಪದರ ಮಾಡಿ, ಅಂಚಿಗೆ ಲಂಗದ ಲಾಡಿ ಹೊಲಿದಾಗ ಬಾನೆಟ್ಟಿಗೆ ಸ್ವೆಟರ್ ಸಿದ್ಧ.

ಆ ಸ್ವೆಟರ್ ತೊಡಿಸಿಕೊಂಡು ಹೆದ್ದಾರಿಗೆ ಇಳಿದ ದಿನವನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಪಕ್ಕದ ಬಸ್ಸಿನವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡಿದರು. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಬಂದು ಬಹಳ ಗಂಭೀರವಾಗಿ, "ಮೇಡಂಜೀ, ಗಾಡಿ ಕೋ ಠಂಡ್ ಲಗ್ ಗಯೀ?" ಎಂದು ಗಾಡಿಯ ಶೀತದ ಬಗ್ಗೆ ವಿಚಾರಿಸಿಕೊಂಡ. ಅಮ್ಮ ಅಷ್ಟೇ ಗಂಭೀರವಾಗಿ, "ಹಾಂ ಭಯ್ಯಾ, ಥೋಡೀ ಖಾಂಸೀ ಭೀ ಹೈ" ಎಂದು ಸ್ವಲ್ಪ ಕೆಮ್ಮನ್ನೂ ಸೇರಿಸಿದಳು. ಆತ ನಕ್ಕು ಕೈಬೀಸಿ ಬಿಟ್ಟ. ಜೋರಾಗಿ ಹೋದರೆ ಗಾಳಿಗೆ ಸ್ವೆಟರ್ ಉಬ್ಬುತ್ತಿತ್ತು, ಹಾಗಾಗಿ ನಾವು ಎತ್ತಿನಗಾಡಿಯ ಗತ್ತಿನಲ್ಲಿ ಹೋದೆವು. ಆದರೂ ಒಂದು ಡಂಪರ್ ನಮ್ಮನ್ನು ದಾಟಿ ಮುಂದೆ ಹೋಗುವಾಗ ಒಂದು ಕಲ್ಲು ಸಿಡಿಯಿತು. ಅಮ್ಮ ಗಾಡಿ ಬದಿಗೆ ಹಾಕಿದಳು. ಕಲ್ಲು ಗುಲಾಬಿ ಉಣ್ಣೆಯೊಳಗೆ ಬೆಚ್ಚಗೆ ಕೂತಿತ್ತು. ಕೆಳಗಿನ ಪೇಂಟು ಹಾಗೇ ಇತ್ತು. ಅಮ್ಮ ಕಲ್ಲನ್ನು ಪರ್ಸಿನಲ್ಲಿ ಹಾಕಿಕೊಂಡಳು.

ಅಪ್ಪ ಮೆಟ್ರೋ ಹತ್ತಿ, ಇಳಿದು, ಎರಡು ಬಸ್ಸು ಬದಲಾಯಿಸಿ ನಮಗಿಂತ ಮೊದಲೇ ಬಂದು ಚಿಕ್ಕಮ್ಮನ ಕಾಂಪ್ಲೆಕ್ಸಿನ ಗೇಟಿನಲ್ಲಿ ನಿಂತಿದ್ದರು. ಸ್ವೆಟರ್ ನೋಡಿದವರು ಒಂದು ಕ್ಷಣ ತಾವು ಯಾರೋ, ನಾವು ಯಾರೋ ಎಂಬಂತೆ ರಸ್ತೆಯ ಆಚೆ ನೋಡಿದರು. ಆಮೇಲೆ ಲಾಡಿ ಬಿಚ್ಚಿಸಿ, ಓದುವ ಕನ್ನಡಕ ಹಾಕಿಕೊಂಡು, ಬಾನೆಟ್ಟಿಗೆ ಮೂಗು ತಾಗುವಷ್ಟು ಬಗ್ಗಿ ತಪಾಸಣೆ ಮಾಡಿದರು. ಅಮ್ಮ ಪರ್ಸಿನಿಂದ ಕಲ್ಲು ತೆಗೆದು ಅವರ ಅಂಗೈಗಿಟ್ಟಳು. ಅಪ್ಪ "ಹ್ಞೂಂ" ಎಂದರು.

ಬೇಸಿಗೆಯಲ್ಲಿ ಸ್ವೆಟರ್ ಬಿಚ್ಚಿ ಹಳೆಯ ಜಮಖಾನ ಹೊದಿಸಿದೆವು, ಮಳೆಗಾಲದ ಹುಳುಗಳಿಗೆ ಸೊಳ್ಳೆಪರದೆ ಕತ್ತರಿಸಿ ಮುಂದೆ ಕಟ್ಟಿದೆವು. ಕಾಲೊನಿಯವರಿಗೆ ಈ ವಾರ ಗಾಡಿ ಏನು ಉಟ್ಟಿದೆ ಎಂದು ನೋಡುವುದೇ ಒಂದು ಮನರಂಜನೆಯಾಯಿತು. ಅಷ್ಟರಲ್ಲಿ ನಾನು ಇನ್ನೊಂದು ವಿಷಯ ಗಮನಿಸಿದೆ. ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಅಪ್ಪ ಸುತ್ತಮುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಬಾನೆಟ್ಟಿನ ಮೇಲೆ ಕೂತ ಪಾರಿವಾಳಗಳನ್ನು ಓಡಿಸಿ, ಕರವಸ್ತ್ರದಿಂದ ಒರೆಸಿ ಒಳಗೆ ಬರುತ್ತಿದ್ದರು. ಅವರಿಗೆ ಈ ಪಂದ್ಯದಲ್ಲಿ ಸೋಲುವುದೇ ಬೇಕಾಗಿತ್ತು! ಇದನ್ನು ಅಮ್ಮನಿಗೆ ಹೇಳದೆ ಇಟ್ಟುಕೊಳ್ಳುವುದಕ್ಕೆ ನನಗೆ ಬಹಳ ಕಷ್ಟವಾಯಿತು.

ಅಂತೂ ಆಯುಧಪೂಜೆ ಬಂತು. ಬಾನೆಟ್ಟು ಕನ್ನಡಿಯ ಹಾಗಿತ್ತು. ಅಮ್ಮ ರೇಷ್ಮೆ ಸೀರೆ ಉಟ್ಟಳು. ಅಪ್ಪ ಪಂಚೆ ಉಟ್ಟು ಚೆಂಡುಹೂವಿನ ಹಾರ ಹಾಕಿ, ಬಾನೆಟ್ಟಿಗೆ ವಿಭೂತಿ ಎಳೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕಾಲೊನಿಯ ಅರ್ಧ ಜನ ಸೇರಿದ್ದರು. ಮಂಗಳಾರತಿ ಆದ ಮೇಲೆ ದೃಷ್ಟಿ ನಿವಾಳಿಸಿ ಈಡುಗಾಯಿ ಒಡೆಯುವುದೊಂದು ಬಾಕಿ. ದೆಹಲಿಗೆ ಬರುವಷ್ಟರಲ್ಲಿ ಮುದಿಯಾಗಿಬಿಟ್ಟಿರುವ ತೆಂಗಿನಕಾಯಿ, ಮೊದಲ ಏಟಿಗೆ ಒಡೆಯದೆ ಉರುಳಿಕೊಂಡು ಚೌಕಿದಾರನ ಕುರ್ಚಿಯ ಕೆಳಗೆ ಸೇರಿತು. ಜನ ನಕ್ಕರು. ಅಪ್ಪನಿಗೆ ರೋಷ ಬಂತು. ಕಾಯನ್ನು ತಂದು, ಪಂಚೆ ಎತ್ತಿಕಟ್ಟಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಗಾಡಿಯ ಎದುರಿನ ಕಲ್ಲಿಗೆ ಅಪ್ಪಳಿಸಿದರು.

ಕಾಯಿ ನೂರು ಚೂರಾಯಿತು. ಒಂದು ಚಿಪ್ಪು ಮೇಲೆ ಹಾರಿ ಬಾನೆಟ್ಟಿನ ನಡುಮಧ್ಯೆ ಟಕ್ಕೆಂದು ಬಡಿಯಿತು.

ಜೀರಿಗೆಯಷ್ಟು ಪೇಂಟು ಎದ್ದು ಹೋಗಿ ಒಳಗಿನ ಬಿಳಿ ಕಾಣಿಸುತ್ತಿತ್ತು. ಪಂಜಾಬಿ ಆಂಟಿ ಬಾಯಿಗೆ ದುಪಟ್ಟಾ ಒತ್ತಿಕೊಂಡರು. ಡಂಪರ್‌ಗಳನ್ನು, ಸಾಸಿವೆ ಹುಳುಗಳನ್ನು, ಪಾರಿವಾಳಗಳನ್ನು ಗೆದ್ದುಬಂದ ಬಾನೆಟ್ಟು ಅಪ್ಪನ ಭಕ್ತಿಗೆ ಸಿಕ್ಕಿ ಸೋತಿತ್ತು. ಅಮ್ಮನ ಮುಖ ನೋಡಿ ನನಗೆ ಅಳುವೇ ಬಂತು. ಅವಳು ಗುರುತನ್ನು ಒಮ್ಮೆ ಬೆರಳಿನಿಂದ ಸವರಿ, ಸೊಂಟಕ್ಕೆ ಸಿಕ್ಕಿಸಿದ್ದ ಕೀ ತೆಗೆದು ಅಪ್ಪನ ಮುಂದೆ ಹಿಡಿದಳು.

"ತಗೊಳ್ಳಿ. ಗುರುತು ಗುರುತೇ."

ಅಪ್ಪ ಕೀ ನೋಡಿದರು, ಬಾನೆಟ್ಟು ನೋಡಿದರು, ತಮ್ಮ ಕೈ ನೋಡಿಕೊಂಡರು. ಕಚೇರಿಯಲ್ಲಿ ಯಾರದೋ ರಜೆ ಮಂಜೂರು ಮಾಡುವ ಮುಖ ಮಾಡಿಕೊಂಡು, "ನಿಯಮ ಇರೋದು ಓಡಿಸೋವಾಗ ಬಿದ್ದ ಗುರುತಿಗೆ. ಇದು ನಿಂತ ಗಾಡಿ" ಎಂದರು. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಎಡಗಡೆಯ ಬಾಗಿಲು ತೆಗೆದು, ಆ ಎತ್ತರಕ್ಕೆ ಎರಡು ಸಲ ಕಾಲು ಜಾರಿ, ಮೂರನೇ ಸಲ ಹತ್ತಿ ಕೂತೇಬಿಟ್ಟರು. ಕಾಲೊನಿಯವರು ಚಪ್ಪಾಳೆ ಹೊಡೆದರು. ಹಿಂದಿನ ಸೀಟಿಗೆ ಹಾರಿದ ನಾನು ಕಿರುಚುತ್ತಲೇ ಇದ್ದೆ. ಅಮ್ಮ ಸಂಭ್ರಮದಲ್ಲಿ ಕೀಯನ್ನು ತಿರುಗುಮುರುಗಾಗಿ ತೂರಿಸಲು ಹೊರಟಳು, ಅಪ್ಪನೇ ಅವಳ ಕೈ ಹಿಡಿದು ತೂರಿಸಿದರು.

ಗುರ್‌ಗಾಂವ್ ದಾರಿಯಲ್ಲಿ ಎಂದಿನಂತೆ ಒಂದು ಡಂಪರ್ ನಮ್ಮ ಮುಂದೆ ಜಲ್ಲಿ ಉದುರಿಸುತ್ತಾ ತೆವಳುತ್ತಿತ್ತು. ಅಮ್ಮ ಅಭ್ಯಾಸಬಲದಿಂದ ದೂರ ಬಿಟ್ಟು ನಿಧಾನಕ್ಕೆ ಹೋಗುತ್ತಿದ್ದಳು. ಅಪ್ಪ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಗ್ಗಿದರು.

"ಏನೇ, ಅವನ ಹಿಂದೆ ಎಷ್ಟೊತ್ತು ಹೋಗ್ತೀಯ? ದಾಟು. ಗುರುತು ಹೇಗೂ ಬಿದ್ದಾಯ್ತಲ್ಲ."

ಅಮ್ಮ ಹಾರ್ನ್ ಒತ್ತಿದಳು, ಗೇರ್ ಬದಲಿಸಿದಳು, ದಾಟಿದಳು. ಅಪ್ಪ ಕಣ್ಣು ಮುಚ್ಚಿದ್ದರು, ಆದರೆ ನಗುತ್ತಿದ್ದರು.